ಬೆಂಕಿಗೊಂದು ಕೆಲಸ, ಗಡಿಯಾರಕ್ಕೊಂದು ಕೆಲಸ

ಬ್ರಾಯ್ಲರ್ ಕೋಳಿಯ ಎದೆ ಭಾಗ ಸಾರಿನಲ್ಲಿ ಒಣಕಲಾಗುವುದು ಕೋಳಿಯ ತಪ್ಪಲ್ಲ. ಆ ಮಾಂಸ ಹದಕ್ಕೆ ಬರುವುದು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುದಿಯುವ ಸಾರು ಹತ್ತಿರ ಹತ್ತಿರ 100 ಡಿಗ್ರಿ ಇರುತ್ತದೆ, ಕುಕ್ಕರಿನ ಒಳಗೆ 120ರ ಆಸುಪಾಸು. ತುಂಡಿನ ನಡುಭಾಗ 65ಕ್ಕೆ ಮುಟ್ಟುವ ಹೊತ್ತಿಗೆ ಅದರ ಹೊರಗಿನ ಪದರ ಎಷ್ಟೋ ಮುಂದೆ ಹೋಗಿರುತ್ತದೆ. ಯಾವಾಗ ಇಳಿಸಬೇಕು ಅನ್ನುವುದೆಲ್ಲ ಅಂದಾಜೇ.

ಮಾಂಸವನ್ನು ಚೀಲದಲ್ಲಿ ಮುಚ್ಚಿ, ಒಂದೇ ಹದದ ಬಿಸಿನೀರಿನಲ್ಲಿ ಮುಳುಗಿಸಿ ಬೇಯಿಸುವ ವಿಧಾನಕ್ಕೆ ಸೂ ವೀಡ್ ಅಂತ ಹೆಸರು. ಅದರ ಯಂತ್ರ ಈ ಅಂದಾಜನ್ನು ತೆಗೆದುಹಾಕುತ್ತದೆ. ನೋಡಲು ಸ್ನಾನದ ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡಿನ ನೆಂಟ. ಆದರೆ ಆ ರಾಡಿಗೆ ಕಾಯಿಸುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಇದರಲ್ಲಿ ಬಿಸಿ ಅಳೆಯುವ ಸೆನ್ಸರ್ ಇದೆ, ನೀರನ್ನು ಸುತ್ತಿಸುವ ಪುಟ್ಟ ಪಂಪ್ ಇದೆ. 60 ಅಂತ ಒತ್ತಿದರೆ ಪಾತ್ರೆಯ ಮೂಲೆಮೂಲೆಯಲ್ಲೂ 60. ಪ್ರಯೋಗಾಲಯಗಳಲ್ಲಿ ಸ್ಯಾಂಪಲ್‌ಗಳನ್ನು ಒಂದೇ ಬಿಸಿಯಲ್ಲಿಡಲು ಬಳಸುತ್ತಿದ್ದ ಸಾಧನ ಇದು. ಚೀಲದಲ್ಲಿಟ್ಟು ಬೇಯಿಸುವ ವಿದ್ಯೆಯನ್ನು ಫ್ರಾನ್ಸ್‌ನಲ್ಲಿ 1970ರ ದಶಕದಲ್ಲಿ ಬಾಣಸಿಗ ಜಾರ್ಜ್ ಪ್ರಾಲ್ಯೂ, ಆಹಾರ ವಿಜ್ಞಾನಿ ಬ್ರೂನೋ ಗುಸ್ಸೋ ಬೆಳೆಸಿದರು. ಬಾತುಕೋಳಿಯ ಕೊಬ್ಬಿದ ಲಿವರ್ ಬೇಯುವಾಗ ಕರಗಿ ಬಹಳಷ್ಟು ಹೋಗುತ್ತಿತ್ತು. ಅದನ್ನು ತಡೆಯಲು ಪ್ರಾಲ್ಯೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಡಿಮೆ ಬಿಸಿಯ ನೀರಿನಲ್ಲಿ ಬೇಯಿಸಿದರು.

ಚೀಲದೊಳಗಿನ ಗಾಳಿ ಎಳೆಯುವ ಮೆಷಿನ್ ಬೇಕೇಬೇಕು ಅಂತೇನಿಲ್ಲ. ಬಿಸಿ ತಡೆಯುವ ಜಿಪ್ ಚೀಲಕ್ಕೆ ಮಾಂಸ ಹಾಕಿ, ಬಾಯಿ ತೆರೆದೇ ಮೆಲ್ಲಗೆ ನೀರಿಗೆ ಇಳಿಸಿ. ಸುತ್ತಲಿನ ನೀರು ಒತ್ತಿ ಚೀಲವನ್ನು ಮಾಂಸಕ್ಕೆ ಅಂಟಿಸುತ್ತದೆ, ಗಾಳಿ ಮೇಲಿಂದ ಹೊರಹೋಗುತ್ತದೆ. ಆಗ ಜಿಪ್ ಎಳೆದರೆ ಆಯಿತು.

ಈಗ ಒಳಗೇನು ನಡೆಯುತ್ತದೆ ನೋಡೋಣ. ಮಾಂಸದ ನಾರಿನಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳಿವೆ. 50 ಡಿಗ್ರಿ ಆದಮೇಲೆ ಮಯೋಸಿನ್ ಗಟ್ಟಿಯಾಗುತ್ತಾ ಬರುತ್ತದೆ, ಹಸಿ ಮಾಂಸದ ಜಾರು ಮಾಯವಾಗುತ್ತದೆ. 66 ದಾಟಿದ ಮೇಲೆ ಆಕ್ಟಿನ್ ಸರದಿ. ಅದೂ ಗಟ್ಟಿಯಾಯಿತೆಂದರೆ ನಾರು ಬಿಗಿದು, ರಸವನ್ನೆಲ್ಲ ಹಿಂಡಿ ಹೊರಹಾಕುತ್ತದೆ. ಇವೆರಡರ ನಡುವೆ ನಿಲ್ಲುವುದೇ ಸೂ ವೀಡ್‌ನ ಗುಟ್ಟು.

ಹಾಗಾದರೆ ಮಟನ್ ತೊಡೆ? ಅಲ್ಲಿ ನಾರಿನ ಸುತ್ತ ಕೊಲಾಜೆನ್ ಅನ್ನುವ ಗಟ್ಟಿ ಜಾಲ ಇದೆ. ಅದು ಕರಗಿ ಮೆತ್ತನೆಯ ಜೆಲಾಟಿನ್ ಆಗಲು ಬಿಸಿಯ ಜೊತೆ ಹೊತ್ತೂ ಬೇಕು. ಕುಕ್ಕರಿನಲ್ಲಿ ಅರ್ಧ ಗಂಟೆಯ ಆಚೀಚೆ ಆಗುವ ಕೆಲಸ ಅದು. 62 ಡಿಗ್ರಿಯಲ್ಲಿ ಇಡೀ ದಿನ ಹಿಡಿಯುತ್ತದೆ. ಆದರೆ ಕುಕ್ಕರಿನಲ್ಲಿ ಜಾಲದ ಜೊತೆ ಆಕ್ಟಿನ್ ಕಥೆಯೂ ಮುಗಿಯುತ್ತದೆ. ಸಾರು ಅದ್ಭುತ, ಪೀಸು ಎಳೆ ಎಳೆ. ಮುದ್ದೆಗೆ ಸಾರೇ ಮುಖ್ಯ ಅನ್ನುವವರಿಗೆ ಕುಕ್ಕರೇ ಸರಿ, ನನ್ನ ವೋಟೂ ಅದಕ್ಕೇ. ಪೀಸೇ ಊಟದ ನಾಯಕ ಆಗಿರುವ ದಿನ ಮಾತ್ರ ಈ ಯಂತ್ರ ತೆಗೆಯಬಹುದು. ಬಿಸಿ ನಾರನ್ನು ನೋಡಿಕೊಳ್ಳುತ್ತದೆ, ಹೊತ್ತು ಜಾಲವನ್ನು.

ರೋಗಾಣುಗಳ ಲೆಕ್ಕವೂ ಹೀಗೇ. 74 ಡಿಗ್ರಿಯಲ್ಲಿ ಕೋಳಿಯೊಳಗಿನ ಸಾಲ್ಮೊನೆಲ್ಲಾ ತಕ್ಷಣ ಸಾಯುತ್ತದೆ. 60ರಲ್ಲೂ ಸಾಯುತ್ತದೆ, ಆದರೆ ನಡುಭಾಗ 60ಕ್ಕೆ ಬಂದ ಮೇಲೆ ಅರ್ಧ ಗಂಟೆಗೂ ಮೀರಿ ಅಲ್ಲೇ ಇರಬೇಕು. ಆ ನಡುಭಾಗ ಕಾಯಲು ಎಷ್ಟು ಹೊತ್ತು ಅನ್ನುವುದು ತೂಕದ ಮೇಲಲ್ಲ, ದಪ್ಪದ ಮೇಲೆ ನಿಂತಿದೆ. ದಪ್ಪ ಎರಡು ಪಟ್ಟಾದರೆ ಹೊತ್ತು ಸುಮಾರು ನಾಲ್ಕು ಪಟ್ಟು. ಒಂದು ಇಂಚು ದಪ್ಪದ ಎದೆ ಭಾಗಕ್ಕೆ 62ರಲ್ಲಿ ಒಂದೂವರೆ ಗಂಟೆ ಕೊಟ್ಟರೆ ಚಿಂತೆಯಿಲ್ಲ. 52 ಡಿಗ್ರಿಗಿಂತ ಕೆಳಗೆ ಬದುಕಿ ಬೆಳೆಯುವ ರೋಗಾಣುಗಳಿವೆ. ಹಾಗಾಗಿ ರಾತ್ರಿ ಕರೆಂಟು ಹೋಗಿ, ನೀರು ಎಷ್ಟು ಹೊತ್ತು ತಣ್ಣಗಿತ್ತು ಅಂತ ಗೊತ್ತಾಗದಿದ್ದರೆ ಆ ಮಾಂಸ ಎಸೆಯುವುದೇ ವಾಸಿ. ದುಬಾರಿ ಮಟನ್, ಹೊಟ್ಟೆ ಉರಿಯುತ್ತದೆ ನಿಜ.

ಚೀಲದಿಂದ ಬಂದ ತುಂಡು ನೋಡಲು ಪೇಲವ. ಹುರಿದ ಘಮ ಬರಲು 140 ಡಿಗ್ರಿಯಾದರೂ ಬೇಕು. ಮೇಲೆ ನೀರಿದ್ದರೆ ಅದು ಆರುವ ತನಕ ಬಿಸಿ 100ಕ್ಕೆ ಅಂಟಿಕೊಂಡಿರುತ್ತದೆ. ಅದಕ್ಕೇ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಹೊಗೆಯಾಡುವ ಕಬ್ಬಿಣದ ಕಾವಲಿಯ ಮೇಲೆ ಒಂದೊಂದು ಮಗ್ಗುಲನ್ನೂ ಅರೆ ನಿಮಿಷ ಒತ್ತಿ ಹುರಿಯಬೇಕು.

ನಮ್ಮ ಅಡುಗೆಯವರು ಎಡವುವುದು ಮಸಾಲೆಯಲ್ಲಿ. ಈರುಳ್ಳಿಯ ಕೋಶಗಳನ್ನು ಅಂಟಿನ ಹಾಗೆ ಹಿಡಿದಿಡುವ ಪೆಕ್ಟಿನ್ ಸಡಿಲವಾಗಲು 85 ಡಿಗ್ರಿಯ ಆಸುಪಾಸು ಬೇಕು. 62ರಲ್ಲಿ ಇಡೀ ದಿನ ಇಟ್ಟರೂ ಬೆಳ್ಳುಳ್ಳಿ, ಈರುಳ್ಳಿಯ ಹಸಿ ವಾಸನೆ ಹೋಗುವುದಿಲ್ಲ, ಚೀಲದೊಳಗೆ ಇನ್ನೂ ಜಾಸ್ತಿ ಆಗುತ್ತದೆ. ಶುಂಠಿಯದು ಬೇರೆಯೇ ಉಪದ್ರ. ಹಸಿ ಶುಂಠಿಯಲ್ಲಿ ಮಾಂಸದ ಪ್ರೋಟೀನು ಕತ್ತರಿಸುವ ಕಿಣ್ವ ಇದೆ, ಪಪ್ಪಾಯಿ ಕಾಯಿಯಲ್ಲೂ ಇದೆ. ಒಲೆಯ ಮೇಲೆ ಕುದಿ ಬಂದ ಕೂಡಲೇ ಇವು ಅಡಗುತ್ತವೆ. ಆದರೆ ಇವಕ್ಕೆ ಹುರುಪು ಬರುವುದು 60 ಡಿಗ್ರಿಯ ಸುತ್ತಮುತ್ತಲೇ! ಕಬಾಬಿಗೆ ಕಲಸುವ ಹಾಗೆ ಪಪ್ಪಾಯಿ ಹಚ್ಚಿ ಚೀಲಕ್ಕೆ ಹಾಕಿದರೆ ಸಂಜೆ ಹೊತ್ತಿಗೆ ಸಿಗುವುದು ಪೀಸಲ್ಲ, ಹಿಟ್ಟು ಹಿಟ್ಟಾದ ಮುದ್ದೆ. ಚೀಲಕ್ಕೆ ಉಪ್ಪು, ಮೆಣಸು, ಸ್ವಲ್ಪ ಎಣ್ಣೆ ಸಾಕು. ಮಸಾಲೆಯನ್ನು ಬಾಣಲೆಯಲ್ಲಿ ಬೇರೆಯಾಗಿ ಹುರಿಯಿರಿ. ಚೀಲದಲ್ಲಿ ಇಳಿದ ರಸವನ್ನು ಒಂದು ಕುದಿ ಕುದಿಸಿ, ಒಡೆದು ನಿಲ್ಲುವ ಕರಣೆಯನ್ನು ಸೋಸಿ, ಆ ಮಸಾಲೆಗೇ ಸುರಿಯಬಹುದು.