ಇರ್ಫಾನ್ ಖಾನ್: ಕೇಳಿಸಿಕೊಳ್ಳುತ್ತಾ ನಟಿಸಿದವರು (ಅಧ್ಯಯನ ಟಿಪ್ಪಣಿ)

ನಟನೆ ಅಥವಾ ಸಿನಿಮಾ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಟಿವಿಯಲ್ಲಿ ಬೆಳೆದು ಸಿನಿಮಾಗೆ ಬಂದ ನಟರಲ್ಲಿ ನಾನು ಇರ್ಫಾನ್ ಖಾನ್ ಅವರನ್ನು ಆರಿಸಿಕೊಂಡಿದ್ದೇನೆ. ಅವರ ಬಗ್ಗೆ ಬರೆಯುವವರು ಟಿವಿಯ ವರ್ಷಗಳನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. 'ಕಷ್ಟಪಟ್ಟರು, ಆಮೇಲೆ ಅದೃಷ್ಟ ಖುಲಾಯಿಸಿತು' ಅಂತ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಸಿನಿಮಾದಲ್ಲಿ ನಾವು ಮೆಚ್ಚಿದ ಇರ್ಫಾನ್ ತಯಾರಾದದ್ದು ಆ ವರ್ಷಗಳಲ್ಲೇ. ಟಿವಿ ಕೊಟ್ಟದ್ದರಿಂದ ಅರ್ಧ, ಟಿವಿಯ ಜೊತೆ ಜಗಳವಾಡಿದ್ದರಿಂದ ಇನ್ನರ್ಧ.

ಅವರ ನಟನೆಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದೇ. ಎದುರಿನವರು ಮಾತಾಡುವಾಗ ಇವರು ಏನು ಮಾಡುತ್ತಾರೆ? ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಹುಟ್ಟು ಮತ್ತು ಓದು

ಹುಟ್ಟಿದ್ದು 7 ಜನವರಿ 1967, ರಾಜಸ್ಥಾನದಲ್ಲಿ. ಮನೆತನ ಟೋಂಕ್ ಕಡೆಯದು, ಬೆಳೆದದ್ದು ಜೈಪುರದಲ್ಲಿ. ತಂದೆಯದು ಟೈರ್ ವ್ಯಾಪಾರ. ಹುಡುಗನಿಗೆ ಕ್ರಿಕೆಟ್ ಹುಚ್ಚು ಇತ್ತು. ಆದರೆ ಆಟದಲ್ಲಿ ಮುಂದಕ್ಕೆ ಹೋಗಲು ಮನೆಯಲ್ಲಿ ಅನುಕೂಲ ಇರಲಿಲ್ಲ.

1984ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿದರು. ನಮ್ಮ ಬಿ.ವಿ. ಕಾರಂತರು ಕೆಲವೇ ವರ್ಷಗಳ ಹಿಂದೆ ನಿರ್ದೇಶಕರಾಗಿದ್ದ ಶಾಲೆ ಅದು. ತಂದೆ ತೀರಿಕೊಂಡದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ವಿದ್ಯಾರ್ಥಿವೇತನದ ಮೇಲೆ ಓದು ನಡೆಯಿತು. ಮುಂದೆ ಮದುವೆಯಾದ ಸುತಪಾ ಸಿಕ್ದಾರ್ ಸಿಕ್ಕಿದ್ದು ಅಲ್ಲೇ, ಸಹಪಾಠಿಯಾಗಿ. ಆಕೆ ಬರಹಗಾರ್ತಿ. ಕಿರಿಯ ವಿದ್ಯಾರ್ಥಿಯಾಗಿದ್ದ ತಿಗ್ಮಾಂಶು ಧುಲಿಯಾ ಕೂಡ ಅಲ್ಲಿಯ ಪರಿಚಯವೇ. ಈ ಹೆಸರನ್ನು ಗುರುತು ಹಾಕಿಕೊಳ್ಳಿ, ಮುಂದೆ ಮೂರು ಸಲ ಬರುತ್ತದೆ.

ಇನ್ನೂ ಶಾಲೆಯಲ್ಲಿದ್ದಾಗಲೇ ನಿರ್ದೇಶಕಿ ಮೀರಾ ನಾಯರ್ 'ಸಲಾಂ ಬಾಂಬೆ'ಗೆ ಅವರನ್ನು ಆರಿಸಿದರು. ದೊಡ್ಡ ಪಾತ್ರ ಅಂತಲೇ ಮುಂಬೈಗೆ ಹೋದರು. ಬೀದಿ ಮಕ್ಕಳ ಜೊತೆ ಕಾರ್ಯಾಗಾರದಲ್ಲೂ ಕೂತರು. ಆದರೆ ಆ ಮಕ್ಕಳ ಪಕ್ಕದಲ್ಲಿ ಇವರ ಎತ್ತರ, ವಯಸ್ಸು ಎದ್ದು ಕಾಣುತ್ತಿತ್ತು. ಕೊನೆಗೆ ಉಳಿದದ್ದು ಓದುಬರಹ ಬಾರದವರಿಗೆ ಕಾಗದ ಬರೆದುಕೊಡುವವನ ಸಣ್ಣ ಪಾತ್ರ. ಚಿತ್ರ 1988ರಲ್ಲಿ ಬಂತು, ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ಇವರನ್ನು ಮಾತ್ರ ಯಾರೂ ಗಮನಿಸಲಿಲ್ಲ. ಆ ದೃಶ್ಯವನ್ನು ಹುಡುಕಿ ನೋಡಿ. ಒಬ್ಬ ಹುಡುಗ ಹೇಳುತ್ತಾನೆ, ಇವರು ಕೇಳಿಸಿಕೊಂಡು ಬರೆಯುತ್ತಾರೆ. ಮುಂದೆ ಅವರು ಎಷ್ಟೋ ಚಿತ್ರಗಳಲ್ಲಿ ಮಾಡಿದ ಕೆಲಸ ಅಲ್ಲಿಯೇ ಶುರುವಾಗಿದೆ.

ಟಿವಿಯ ವರ್ಷಗಳು

ಈ ಭಾಗಕ್ಕೆ ಜಾಸ್ತಿ ಸಮಯ ಕೊಡಿ.

ಅವರು ಮುಂಬೈಗೆ ಬಂದಾಗ ದೂರದರ್ಶನವೇ ದೊಡ್ಡ ಮನೆ. ವಾರಕ್ಕೊಂದು ಕಂತಿನ ಧಾರಾವಾಹಿಗಳ ಕಾಲ. ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್'ನಲ್ಲಿ ಸಣ್ಣಪುಟ್ಟ ಪಾತ್ರಗಳು ಸಿಕ್ಕವು. 'ಲಾಲ್ ಘಾಸ್ ಪರ್ ನೀಲೇ ಘೋಡೆ' ಎಂಬ ದೂರದರ್ಶನದ ನಾಟಕದಲ್ಲಿ ಲೆನಿನ್ ಆದರು. 1991ರಲ್ಲಿ ಶುರುವಾದ, ಚಂದ್ರಪ್ರಕಾಶ್ ದ್ವಿವೇದಿ ನಿರ್ದೇಶಿಸಿ ತಾವೇ ಚಾಣಕ್ಯನಾಗಿದ್ದ 'ಚಾಣಕ್ಯ'ದಲ್ಲಿ ಸೇನಾಪತಿ ಭದ್ರಶಾಲನ ಪಾತ್ರ. 1994ರಿಂದ 'ಚಂದ್ರಕಾಂತಾ'ದಲ್ಲಿ ಐಯಾರ್ ಬದ್ರಿನಾಥ್. ಐಯಾರ್ ಅಂದರೆ ವೇಷ ಬದಲಿಸುವ ಗೂಢಚಾರ. ಖಾಸಗಿ ಚಾನೆಲ್‌ಗಳು ಬಂದ ಮೇಲೆ ಝೀ ಟಿವಿಯ 'ಬನೇಗಿ ಅಪ್ನಿ ಬಾತ್'ನಲ್ಲೂ ಇದ್ದರು.

ಇಷ್ಟೂ ಹೆಸರುಗಳನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ. ಅವುಗಳ ನಡುವಿನ ಅಂತರ ನೋಡಿ. 'ಚಾಣಕ್ಯ'ದ ಭಾಷೆ ಸಂಸ್ಕೃತ ತುಂಬಿದ ಗಟ್ಟಿ ಹಿಂದಿ. 'ಚಂದ್ರಕಾಂತಾ' ಕತ್ತಿ, ಮಾಯೆ, ಅಬ್ಬರದ ಲೋಕ. 'ಬನೇಗಿ ಅಪ್ನಿ ಬಾತ್' ಕಾಲೇಜು ಹುಡುಗರ, ಮಧ್ಯಮ ವರ್ಗದ ಮನೆಮಾತು. ಒಬ್ಬನೇ ನಟ ಒಂದು ದಶಕದೊಳಗೆ ಈ ಮೂರೂ ಬಗೆಯ ಮಾತನ್ನು ನಾಲಿಗೆಗೆ ಹಚ್ಚಿಕೊಂಡ. ಮುಂದೆ 'ಹಾಸಿಲ್'ನಲ್ಲಿ ಅಲಹಾಬಾದಿನ ಹಿಂದಿ, 'ಪಾನ್ ಸಿಂಗ್ ತೋಮರ್'ನಲ್ಲಿ ಚಂಬಲ್ ಕಡೆಯ ಮಾತು ಸುಮ್ನೆ ಬಂದದ್ದಲ್ಲ.

ಇನ್ನೊಂದು ವಿಷಯ, ಪರದೆಯ ಅಳತೆ. ಆಗಿನ ಟಿವಿ ಚಿಕ್ಕದು. ದೂರದ ಶಾಟ್ ಇಟ್ಟರೆ ಮನುಷ್ಯರು ಚುಕ್ಕಿಗಳಂತೆ ಕಾಣುತ್ತಿದ್ದರು. ಹಾಗಾಗಿ ಕ್ಯಾಮೆರಾ ಮತ್ತೆ ಮತ್ತೆ ಮುಖದ ಹತ್ತಿರ ಬರುತ್ತಿತ್ತು. ರಂಗಭೂಮಿಯಲ್ಲಿ ಕೊನೆಯ ಸಾಲಿಗೂ ಮುಟ್ಟುವ ಹಾಗೆ ನಟಿಸುವುದನ್ನು ಕಲಿತವರು, ಈಗ ಒಂದಡಿ ದೂರದ ಲೆನ್ಸ್‌ಗೆ ನಟಿಸಬೇಕು. ಹುಬ್ಬು ಸ್ವಲ್ಪ ಜಾಸ್ತಿ ಏರಿದರೂ ಅತಿಯಾಗುತ್ತದೆ. ಇದು ಬೇಕಾದ ಅಭ್ಯಾಸವೇ. ಅದನ್ನು ಅವರು ಸಂಬಳ ಪಡೆದು, ವರ್ಷಗಟ್ಟಲೆ ಮಾಡಿದರು.

ಹಾಗಾದರೆ ಜಗಳ ಯಾಕೆ? ಧಾರಾವಾಹಿಯ ಕೆಲಸ ವೇಗದ್ದು. ದಿನಕ್ಕೆ ಹಲವು ದೃಶ್ಯ ಮುಗಿಯಬೇಕು. ಪ್ರೇಕ್ಷಕರು ಅಡುಗೆಮನೆಯಲ್ಲಿದ್ದರೂ ಕಥೆ ತಿಳಿಯಬೇಕು ಅನ್ನುವುದು ಲೆಕ್ಕಾಚಾರ. ಆದ್ದರಿಂದ ಪಾತ್ರಕ್ಕೆ ಅನಿಸಿದ್ದನ್ನೆಲ್ಲ ಬಾಯಿಬಿಟ್ಟೇ ಹೇಳಿಸುತ್ತಾರೆ. ದುಃಖವಾಗಿದ್ದರೆ 'ನನಗೆ ದುಃಖವಾಗಿದೆ' ಅನ್ನಬೇಕು. ಅಲ್ಲಿ ಮೌನಕ್ಕೆ ಜಾಗವಿಲ್ಲ. ಟಿವಿ ಸಾಕಾಗಿತ್ತು, ನಟನೆ ಬಿಡುವ ಯೋಚನೆಯೂ ಬಂದಿತ್ತು ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮುಖ ಓದುವ ಕ್ಯಾಮೆರಾ ಹತ್ತಿರದಲ್ಲೇ ಇದೆ, ಆದರೆ ಮುಖಕ್ಕೆ ಕೆಲಸವಿಲ್ಲ. ಈ ಸಂಕಟ ಅರ್ಥವಾದರೆ ಅವರ ಮುಂದಿನ ಚಿತ್ರಗಳೂ ಅರ್ಥವಾಗುತ್ತವೆ.

ಇದೇ ಹೊತ್ತಿನಲ್ಲಿ ಸ್ಟಾರ್ ಪ್ಲಸ್‌ನ 'ಸ್ಟಾರ್ ಬೆಸ್ಟ್‌ಸೆಲ್ಲರ್ಸ್' ಬಂತು. ಪ್ರತಿ ಸಲ ಒಂದು ಪೂರ್ತಿ ಕಥೆ. ತಿಗ್ಮಾಂಶು ಧುಲಿಯಾ ಮಾಡಿದ ಒಂದು ಕಥೆಯಲ್ಲಿ ಇರ್ಫಾನ್ ಇದ್ದರು. ಟಿವಿಯಲ್ಲೂ ಸಾವಧಾನವಾಗಿ ಕಥೆ ಹೇಳಬಹುದು ಅಂತ ತೋರಿಸಿದ ಕಾರ್ಯಕ್ರಮ ಅದು. ಸ್ವಲ್ಪ ಸಮಯದಲ್ಲೇ, 2000ದ ನಂತರ, ದಿನದಿನದ ಧಾರಾವಾಹಿಗಳು ಎಲ್ಲವನ್ನೂ ಆವರಿಸಿಕೊಂಡವು.

ಸಿನಿಮಾದ ಬಾಗಿಲು

ಲಂಡನ್ನಿನ ನಿರ್ದೇಶಕ ಆಸಿಫ್ ಕಪಾಡಿಯಾ ತಮ್ಮ ಮೊದಲ ಕಥಾಚಿತ್ರ 'ದಿ ವಾರಿಯರ್'ಗೆ ನಾಯಕನನ್ನು ಹುಡುಕುತ್ತಿದ್ದರು. ಇರ್ಫಾನ್ ಸಿಕ್ಕಿದರು. 2001ರ ಈ ಚಿತ್ರದಲ್ಲಿ ಅವರು ಸಾಮಂತನೊಬ್ಬನ ಕೈಕೆಳಗೆ ಕೊಲ್ಲುವ ಕೆಲಸ ಮಾಡುವ ಯೋಧ. ಒಂದು ದಿನ ಕತ್ತಿ ಬಿಟ್ಟು ಬೆಟ್ಟದ ಕಡೆ ಹೊರಡುತ್ತಾನೆ. ಮಾತು ಬಹಳ ಕಡಿಮೆ. ಇಷ್ಟು ವರ್ಷ ಟಿವಿಯಲ್ಲಿ ಸಿಗದಿದ್ದ ಮೌನ ಇಲ್ಲಿ ಚಿತ್ರದ ಉದ್ದಕ್ಕೂ ಸಿಕ್ಕಿತು. ಬ್ರಿಟನ್ನಿನಲ್ಲಿ ಚಿತ್ರಕ್ಕೆ ಬಾಫ್ಟಾ ಪ್ರಶಸ್ತಿ ಬಂತು. ಆಗ ಇವರಿಗೆ ಮೂವತ್ತು ದಾಟಿ ನಾಲ್ಕೈದು ವರ್ಷವಾಗಿತ್ತು.

2003ರಲ್ಲಿ ಧುಲಿಯಾ ಅವರ 'ಹಾಸಿಲ್' ಬಂತು. ವಿದ್ಯಾರ್ಥಿ ನಾಯಕ ರಣವಿಜಯ್ ಸಿಂಗ್ ಪಾತ್ರಕ್ಕೆ ಫಿಲ್ಮ್‌ಫೇರ್‌ನ ಖಳನಟ ಪ್ರಶಸ್ತಿ ಸಿಕ್ಕಿತು. ಹಿಂದೆಯೇ ವಿಶಾಲ್ ಭಾರದ್ವಾಜ್ ಅವರ 'ಮಕ್ಬೂಲ್'. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಮುಂಬೈ ಭೂಗತ ಲೋಕಕ್ಕೆ ಬಂದಿದೆ. ಇರ್ಫಾನ್ ಮಕ್ಬೂಲ್, ಪಂಕಜ್ ಕಪೂರ್ ಅಬ್ಬಾಜಿ, ತಬು ನಿಮ್ಮಿ. ರಾಜನಂತಿರುವ ಅಬ್ಬಾಜಿ ಮಾತಾಡುವಾಗ ಮಕ್ಬೂಲ್ ಪಕ್ಕದಲ್ಲಿ ನಿಂತಿರುತ್ತಾನೆ. ನಿಷ್ಠೆ, ಆಸೆ, ಭಯ ಮೂರೂ ಆ ನಿಂತ ಮುಖದಲ್ಲೇ ಕಾಣಬೇಕು, ಕಾಣುತ್ತವೆ. ಟಿಪ್ಪಣಿ ಮಾಡುವವರು ಇವರ ಸಂಭಾಷಣೆಗಿಂತ ಪಂಕಜ್ ಕಪೂರ್ ಮಾತಾಡುವ ದೃಶ್ಯಗಳನ್ನೇ ಮತ್ತೆ ಮತ್ತೆ ನೋಡಿ. ಕಣ್ಣು ಇರ್ಫಾನ್ ಮೇಲಿರಲಿ.

ಮೀರಾ ನಾಯರ್ ಮತ್ತೆ ಕರೆದದ್ದು 'ದಿ ನೇಮ್‌ಸೇಕ್'ಗೆ, 2006ರಲ್ಲಿ ಅದು ತೆರೆ ಕಂಡಿತು. 'ಸಲಾಂ ಬಾಂಬೆ'ಯಲ್ಲಿ ಕಳೆದುಹೋದ ದೊಡ್ಡ ಪಾತ್ರ 18 ವರ್ಷದ ನಂತರ ಬೇರೆ ರೂಪದಲ್ಲಿ ಬಂತು. ಅಮೆರಿಕಕ್ಕೆ ಹೋದ ಬಂಗಾಳಿ ಪ್ರಾಧ್ಯಾಪಕ ಅಶೋಕ್ ಗಂಗೂಲಿ. ಯೌವನದಿಂದ ನಡುವಯಸ್ಸು ದಾಟುವವರೆಗೆ ಒಬ್ಬರೇ. ಮೇಕಪ್ಪಿಗಿಂತ ಹೆಗಲು ಮತ್ತು ನಡಿಗೆಯಲ್ಲಿ ವಯಸ್ಸು ತೋರಿಸಿದ್ದಾರೆ. ಮಗನಿಗೆ ರಷ್ಯದ ಲೇಖಕ ಗೋಗೊಲ್‌ನ ಹೆಸರಿಟ್ಟ ಕಾರಣವನ್ನು ಕಾರಿನಲ್ಲಿ ಹೇಳುವ ದೃಶ್ಯ ಒಂದಿದೆ. ತಾನು ಬದುಕುಳಿದ ರೈಲು ಅಪಘಾತದ ಕಥೆ ಅದು. ಅಳುವ ದೃಶ್ಯವಾಗಿ ಮಾಡಲು ಎಲ್ಲ ಅವಕಾಶ ಇತ್ತು. ಇವರು ಅಳುವುದಿಲ್ಲ. ಮಗನಿಗೆ ಭಾರವಾಗದಿರಲಿ ಎಂದು ದನಿ ಇಳಿಸುತ್ತಾರೆ. ಭಾರ ನಮಗಾಗುತ್ತದೆ. ಅವರ ಎಲ್ಲ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯ ಇದೇ.

ಮತ್ತೆ ಟಿವಿ, ಈ ಸಲ ಬೇರೆ ಟಿವಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 2010ರಲ್ಲಿ ಅಮೆರಿಕದ ಎಚ್‌ಬಿಒ ಚಾನೆಲ್‌ನ 'ಇನ್ ಟ್ರೀಟ್‌ಮೆಂಟ್' ಧಾರಾವಾಹಿಯ ಮೂರನೇ ಸರಣಿಯಲ್ಲಿ ಅವರು ನಟಿಸಿದರು. ಮನೋಚಿಕಿತ್ಸಕನಾಗಿ ಗೇಬ್ರಿಯಲ್ ಬರ್ನ್. ಹೆಂಡತಿ ತೀರಿಕೊಂಡ ಮೇಲೆ ಕೋಲ್ಕತ್ತಾದಿಂದ ನ್ಯೂಯಾರ್ಕಿನ ಮಗನ ಮನೆಗೆ ಬಂದ ಸುನೀಲ್ ಆಗಿ ಇರ್ಫಾನ್. ಒಂದು ಕೋಣೆ, ಎರಡು ಕುರ್ಚಿ, ಇಬ್ಬರ ಮಾತು. ಕಂತು ಪೂರ್ತಿ ಅಷ್ಟೇ. ಟಿವಿಯಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು ಅಂತ ದಣಿದಿದ್ದ ನಟನಿಗೆ, ಇಲ್ಲಿ ಮಾತಾಡುತ್ತಲೇ ಏನನ್ನೋ ಮುಚ್ಚಿಡುವ ಪಾತ್ರ ಸಿಕ್ಕಿತು. ಹಳೆಯ 'ಚಂದ್ರಕಾಂತಾ'ದ ಒಂದು ಕಂತು ಮತ್ತು ಇದರ ಒಂದು ಕಂತನ್ನು ಒಂದೇ ದಿನ ನೋಡಿ. ಮಾಧ್ಯಮ ಒಂದೇ, ನಟನೂ ಒಬ್ಬನೇ. ಬದಲಾದದ್ದು ಬರವಣಿಗೆ ಮತ್ತು ಸಮಯ.

2016ರಲ್ಲಿ 'ಟೋಕಿಯೊ ಟ್ರಯಲ್' ಎಂಬ ನಾಲ್ಕು ಕಂತುಗಳ ಸರಣಿಯಲ್ಲಿ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಆದರು. ಎರಡನೇ ಮಹಾಯುದ್ಧದ ನಂತರ ಜಪಾನಿನ ನಾಯಕರ ವಿಚಾರಣೆಯಲ್ಲಿ ಭಿನ್ನ ತೀರ್ಪು ಬರೆದ ಭಾರತೀಯ ನ್ಯಾಯಾಧೀಶರು ಅವರು.

ಹೆಸರು ಬಂದ ಕಾಲ

ಇಲ್ಲಿ ಬೇಗ ಹೋಗೋಣ, ಇದು ಎಲ್ಲರಿಗೂ ಗೊತ್ತಿರುವ ಭಾಗ. 2007ರ 'ಲೈಫ್ ಇನ್ ಎ ಮೆಟ್ರೋ'ಗೆ ಫಿಲ್ಮ್‌ಫೇರ್ ಪೋಷಕ ನಟ ಪ್ರಶಸ್ತಿ. 2008ರ 'ಸ್ಲಂಡಾಗ್ ಮಿಲಿಯನೇರ್' 8 ಆಸ್ಕರ್ ಗೆದ್ದಿತು, ಅದರಲ್ಲಿ ಇವರು ಪೊಲೀಸ್ ಇನ್‌ಸ್ಪೆಕ್ಟರ್. ಹುಡುಗನ ಕಥೆಯನ್ನು ಕೂತು ಕೇಳುವ ಪಾತ್ರ. 2012ರ 'ಲೈಫ್ ಆಫ್ ಪೈ'ನಲ್ಲಿ ಇದು ತಿರುಗುಮುರುಗಾಗುತ್ತದೆ, ಇವರು ಕಥೆ ಹೇಳುವವರು. 2011ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ 'ಪೀಕು' ಮತ್ತು 'ಜುರಾಸಿಕ್ ವರ್ಲ್ಡ್' ಎರಡೂ ಬಂದವು.

ಎರಡು ಚಿತ್ರಗಳನ್ನು ಮಾತ್ರ ಬಿಡಬೇಡಿ. ಒಂದು, ಧುಲಿಯಾ ನಿರ್ದೇಶಿಸಿದ 'ಪಾನ್ ಸಿಂಗ್ ತೋಮರ್'. ಸೈನ್ಯದಲ್ಲಿದ್ದು ಸ್ಟೀಪಲ್‌ಚೇಸ್ (ಅಡ್ಡಗಟ್ಟೆಗಳನ್ನು ದಾಟುವ) ಓಟದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವನು ಮುಂದೆ ಚಂಬಲ್ ಕಣಿವೆಯ ಬಂಡುಕೋರನಾದ ನಿಜ ಕಥೆ. 2010ರಲ್ಲೇ ಲಂಡನ್ ಚಿತ್ರೋತ್ಸವದಲ್ಲಿ ತೋರಿಸಿದರೂ ನಮ್ಮ ಚಿತ್ರಮಂದಿರಗಳಿಗೆ ಬಂದದ್ದು ಮಾರ್ಚ್ 2012ರಲ್ಲಿ. ಅದಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಇನ್ನೊಂದು 2013ರ 'ದಿ ಲಂಚ್‌ಬಾಕ್ಸ್', ನಿರ್ದೇಶಕ ರಿತೇಶ್ ಬಾತ್ರಾ. ನಿವೃತ್ತಿಗೆ ಹತ್ತಿರವಾದ ಗುಮಾಸ್ತ ಸಾಜನ್ ಫರ್ನಾಂಡಿಸ್‌ಗೆ ಮುಂಬೈಯಲ್ಲಿ ಊಟದ ಡಬ್ಬಿ ತಲುಪಿಸುವ ಡಬ್ಬಾವಾಲಾಗಳ ತಪ್ಪಿನಿಂದ ಬೇರೆ ಮನೆಯ ಊಟ ಬರುತ್ತದೆ. ಅಡುಗೆ ಮಾಡಿದ ಇಳಾ ಮತ್ತು ಇವನ ನಡುವೆ ಚೀಟಿಗಳು ಓಡಾಡುತ್ತವೆ. ಇಬ್ಬರೂ ಎದುರುಬದುರಾಗಿ ಒಂದು ಮಾತನ್ನೂ ಆಡುವುದಿಲ್ಲ. ಅಂದರೆ ಇರ್ಫಾನ್ ಇಲ್ಲಿ ಪ್ರೀತಿಯ ಕಥೆಯನ್ನು ಹೆಚ್ಚಾಗಿ ಒಂಟಿಯಾಗಿ ಕೂತೇ ನಟಿಸಬೇಕು. ಎದುರಿಗೆ ಮನುಷ್ಯರಿಲ್ಲ, ಒಂದು ಚೀಟಿ ಇದೆ. ಡಬ್ಬಿ ಮುಚ್ಚಳ ತೆಗೆದು ವಾಸನೆ ನೋಡುವ ಮೊದಲ ದೃಶ್ಯವನ್ನು ಶಬ್ದ ಬಂದ್ ಮಾಡಿ ನೋಡಿ. ಅನುಮಾನ, ಹಸಿವು, ಆಶ್ಚರ್ಯ ಒಂದರ ಹಿಂದೆ ಒಂದು ಬರುತ್ತವೆ. ಯಾವುದೂ ಇನ್ನೊಂದರ ಮೇಲೆ ಬೀಳುವುದಿಲ್ಲ. ಚಿಕ್ಕ ಪರದೆಯ ಹತ್ತಿರದ ಕ್ಯಾಮೆರಾ ಕಲಿಸಿದ್ದು ಇದೇ ಅಲ್ವಾ?

ಕೊನೆಯ ವರ್ಷಗಳು

ಮಾರ್ಚ್ 2018ರಲ್ಲಿ ತಮಗೆ ನ್ಯೂರೋಎಂಡೋಕ್ರೈನ್ ಗೆಡ್ಡೆ (ಅಪರೂಪದ ಒಂದು ಕ್ಯಾನ್ಸರ್) ಇದೆ ಅಂತ ಅವರೇ ತಿಳಿಸಿದರು. ಚಿಕಿತ್ಸೆಗೆ ಲಂಡನ್ನಿಗೆ ಹೋದರು. ಅದೇ ವರ್ಷ ಆಗಸ್ಟ್‌ನಲ್ಲಿ 'ಕಾರವಾಂ' ತೆರೆ ಕಂಡಿತು. ಬೆಂಗಳೂರಿನಿಂದ ಕೊಚ್ಚಿಗೆ ವ್ಯಾನಿನಲ್ಲಿ ಹೊರಡುವ ಕಥೆ, ಇವರು ವ್ಯಾನ್ ಮಾಲೀಕ ಶೌಕತ್. ನಮ್ಮ ಕಡೆಯ ರಸ್ತೆಗಳಲ್ಲಿ ಇರ್ಫಾನ್‌ರನ್ನು ನೋಡುವ ಖುಷಿಗಾದರೂ ಅದನ್ನು ನೋಡಿ. 2019ರಲ್ಲಿ ಮರಳಿ ಬಂದು 'ಅಂಗ್ರೇಜಿ ಮೀಡಿಯಂ' ಮುಗಿಸಿದರು. ಅದು 13 ಮಾರ್ಚ್ 2020ರಂದು ಬಿಡುಗಡೆಯಾಯಿತು, ಕೋವಿಡ್‌ನಿಂದ ಚಿತ್ರಮಂದಿರಗಳು ಮುಚ್ಚುತ್ತಿದ್ದ ವಾರ. ಏಪ್ರಿಲ್ 25ರಂದು ಜೈಪುರದಲ್ಲಿ ತಾಯಿ ತೀರಿಕೊಂಡರು. ಲಾಕ್‌ಡೌನ್ ಇದ್ದುದರಿಂದ ಮಗನಿಗೆ ಹೋಗಲಾಗಲಿಲ್ಲ. ನಾಲ್ಕು ದಿನದ ನಂತರ, 29 ಏಪ್ರಿಲ್ 2020ರಂದು, ಮುಂಬೈನಲ್ಲಿ ಇರ್ಫಾನ್ ಕೂಡ ಹೋದರು. ವಯಸ್ಸು 53. ಕೊನೆಯ ಚಿತ್ರಕ್ಕೆ ಮರಣೋತ್ತರವಾಗಿ ಫಿಲ್ಮ್‌ಫೇರ್ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಓದುವ ಕ್ರಮದ ಬಗ್ಗೆ

ಎಲ್ಲವನ್ನೂ ನೋಡಲು ಸಮಯವಿಲ್ಲದಿದ್ದರೆ ಈ ಮೂರು ಸಾಕು: 'ಚಾಣಕ್ಯ'ದ ಕೆಲವು ಕಂತು, 'ಮಕ್ಬೂಲ್', 'ದಿ ಲಂಚ್‌ಬಾಕ್ಸ್', ಇದೇ ಕ್ರಮದಲ್ಲಿ. ಪ್ರಶಸ್ತಿಗಳ ಪಟ್ಟಿಯ ಬದಲು, ಪ್ರತಿಯೊಂದರಲ್ಲೂ ಅವರು ಮಾತಾಡದ ಒಂದು ನಿಮಿಷವನ್ನು ಆರಿಸಿ ಬರೆದುಕೊಳ್ಳಿ: ಕಣ್ಣು ಯಾವಾಗ ಎತ್ತಿದರು, ಉತ್ತರಕ್ಕೆ ಮುಂಚೆ ಎಷ್ಟು ತಡೆದರು, ಕೈ ಎಲ್ಲಿತ್ತು. ಒಬ್ಬರೇ ನೋಡುವುದಕ್ಕಿಂತ ಇಬ್ಬರು ನೋಡಿ ಟಿಪ್ಪಣಿ ಹೋಲಿಸಿದರೆ ಒಳ್ಳೆಯದು. 'ಮಕ್ಬೂಲ್' ವಿಷಯದಲ್ಲಂತೂ ಇಬ್ಬರಿಗೂ ಒಂದೇ ಉತ್ತರ ಸಿಗುವುದು ಕಷ್ಟ. ಅಬ್ಬಾಜಿಯನ್ನು ಕೊಲ್ಲಬೇಕೆಂದು ಮಕ್ಬೂಲ್ ನಿರ್ಧರಿಸಿದ್ದು ಸರಿಯಾಗಿ ಯಾವ ಶಾಟ್‌ನಲ್ಲಿ ಅಂತ ಚರ್ಚೆ ಶುರು ಮಾಡಿ.