ಮಿದುಳಿನ ಹುಳುವಿಗೆ ಮದ್ದು ಕೊಡುವ ಮುನ್ನ ಲಿವರ್ ನೋಡಬೇಕು

ಮುಂಬೈ ಬಳಿಯ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಕುಂದಾಪುರ ಕಡೆಯ ಯುವಕನೊಬ್ಬ ಎಂಆರ್‌ಐ ಫಿಲ್ಮಿನ ದೊಡ್ಡ ಲಕೋಟೆ ಹಿಡಿದು ಬಂದಿದ್ದ. ಹಿಂದಿನ ವಾರ ಲೋಕಲ್ ರೈಲಿನಲ್ಲೇ ಫಿಟ್ಸ್ ಬಂದಿತ್ತು. ಫಿಲ್ಮನ್ನು ಬೆಳಕಿಗೆ ಹಿಡಿದೆ. ಮಿದುಳಿನ ಎಡಭಾಗದಲ್ಲಿ ಬಟಾಣಿಯಷ್ಟು ಉಂಗುರ, ಅದರೊಳಗೊಂದು ಚುಕ್ಕೆ. ಆ ಚುಕ್ಕೆಯೇ ಲಾಡಿಹುಳುವಿನ ಮರಿಯ ತಲೆ.

"ನಾವು ಹಂದಿಮಾಂಸ ಮುಟ್ಟುವವರೇ ಅಲ್ಲ ಡಾಕ್ಟರೇ" ಎಂದು ಜೊತೆಗಿದ್ದ ಅಣ್ಣ ಗಾಬರಿಯಾದ.

ಮುಟ್ಟಬೇಕಾಗಿಯೂ ಇಲ್ಲ. ಸರಿಯಾಗಿ ಬೇಯದ ಹಂದಿಮಾಂಸ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವನ ಮಲದೊಡನೆ ಹೊರಬಿದ್ದ ಮೊಟ್ಟೆ ತೊಳೆಯದ ಕೈಯಿಂದಲೋ ಭೇಲ್ ಮೇಲಿನ ಹಸಿ ಕೊತ್ತಂಬರಿಯಿಂದಲೋ ಇನ್ನೊಬ್ಬರ ಹೊಟ್ಟೆ ಸೇರಿದರೆ, ಮರಿ ಮಿದುಳಿಗೆ ಹೋಗಿ ಕೂರುತ್ತದೆ. ಹಂದಿಮಾಂಸ ತಿನ್ನದ ನ್ಯೂಯಾರ್ಕಿನ ಯಹೂದಿ ಕುಟುಂಬಗಳಲ್ಲೂ ಈ ರೋಗ ಕಂಡದ್ದು 1992ರಲ್ಲಿ ವರದಿಯಾಗಿತ್ತು. ಲಿವರ್‌ಗೆ ಉರಿಯೂತ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಬರುವ ದಾರಿಯೂ ಇದೇ.

ಆದರೆ ನನಗೆ ಚಿಂತೆಯಿದ್ದದ್ದು ಹೆಪಟೈಟಿಸ್ ಬಿ ಬಗ್ಗೆ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಮಿದುಳಿನ ಹುಳುವಿಗೂ ಅದಕ್ಕೂ ನಂಟು ಬೆಳೆಯುವುದು ಚಿಕಿತ್ಸೆಯಲ್ಲಿ. ಹುಳುವಿನ ಮದ್ದಾದ ಆಲ್ಬೆಂಡಜೋಲ್ ಕೊಟ್ಟಾಗ ಮರಿ ಸಾಯುತ್ತದೆ, ಸುತ್ತಲಿನ ಮಿದುಳು ಊದಿಕೊಳ್ಳುತ್ತದೆ. ಆ ಊತ ಇಳಿಸಲು ಸ್ಟೀರಾಯ್ಡ್ ಬೇಕೇ ಬೇಕು. ಸ್ಟೀರಾಯ್ಡ್ ದೇಹದ ಕಾವಲನ್ನು ಸಡಿಲಿಸಿದಾಗ, ವರ್ಷಗಟ್ಟಲೆ ಲಿವರ್‌ನಲ್ಲಿ ತೆಪ್ಪಗಿದ್ದ ಬಿ ವೈರಸ್ ತಲೆಯೆತ್ತಬಹುದು. ಆಲ್ಬೆಂಡಜೋಲ್ ಕೂಡ ಕೆಲವರ ಲಿವರ್‌ಗೆ ಭಾರವಾಗುತ್ತದೆ. ಫಿಟ್ಸ್‌ಗೆಂದು ವಾಲ್ಪ್ರೊಯೇಟ್ ಆರಂಭಿಸಿದ್ದರೆ ಅದು ಇನ್ನೊಂದು ಹೊರೆ. ಆಮೇಲೆ ಕಣ್ಣು ಹಳದಿಯಾದರೆ ಯಾವ ಮದ್ದನ್ನು ನಿಲ್ಲಿಸಬೇಕೆಂಬುದೇ ತಿಳಿಯುವುದಿಲ್ಲ.

"ಕಾಮಾಲೆ ಎಂದೂ ಬಂದಿಲ್ಲ" ಎಂಬ ಮಾತನ್ನು ನಾನು ನೆಚ್ಚಿ ಕೂರುವುದಿಲ್ಲ. ಶೈಶವದಲ್ಲಿ ತಗಲಿದ ಬಿ ಸೋಂಕು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸದೆ ಉಳಿದುಬಿಡುತ್ತದೆ. ಇದರ ಲಸಿಕೆ ದೇಶದ ಎಲ್ಲ ರಾಜ್ಯಗಳ ಶಿಶುಗಳಿಗೆ ವಿಸ್ತರಿಸಿದ್ದು 2011ರಲ್ಲಿ. ಈ ಹುಡುಗ ಅದಕ್ಕೂ ಎಷ್ಟೋ ಮೊದಲು ಹುಟ್ಟಿದವನು. ಹಾಗಾಗಿ ಬಿ ಸೋಂಕು ಇದೆಯೇ ಎಂದು ತಿಳಿಸುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಬರೆದುಕೊಟ್ಟೆ.

ವರದಿ ಪಾಸಿಟಿವ್ ಬಂತು. ಹುಳುವಿನ ಮದ್ದನ್ನು ತಡೆದು ಮೊದಲು ಬಿ ವೈರಸ್ಸನ್ನು ಹತ್ತಿಕ್ಕುವ ಟೆನೊಫೊವಿರ್ ಆರಂಭಿಸಿದೆವು. ಫಿಟ್ಸ್‌ಗೆ ಲಿವರ್‌ಗೆ ಹೊರೆಯಾಗದ ಲೆವೆಟಿರಸಿಟಮ್. ಕಣ್ಣಿನೊಳಗೆ ಹುಳುವಿಲ್ಲವೆಂದು ನೇತ್ರತಜ್ಞರು ಖಚಿತಪಡಿಸಿದ ಮೇಲೆಯೇ ಸ್ಟೀರಾಯ್ಡ್, ಆಲ್ಬೆಂಡಜೋಲ್.

ಅಮ್ಮ ಊರಿನಿಂದ ನೆಲನೆಲ್ಲಿ ಕಳುಹಿಸುತ್ತಾರಂತೆ, ಕಷಾಯ ಮಾಡಿ ಕುಡಿಯಲೇ ಎಂದು ಕೇಳಿದ. ಈ ಮಾತ್ರೆಗಳು ಮುಗಿಯುವವರೆಗೆ ಬೇರೇನೂ ಬೇಡ, ಆದರೆ ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಎಂದೆ. ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತು ಊರಿಗೆ ಫೋನ್ ಹಚ್ಚಿದ.