ಬಡ್ಡಿ ಹುಟ್ಟುವುದು ಬೇರೆ, ಕೈಗೆ ಬರುವುದು ಬೇರೆ

ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸಲ್ಲಿಸುವ ಜುಲೈ ಬಂತೆಂದರೆ ನನ್ನ ಆಫೀಸಿನಲ್ಲಿ ದಿನವೂ ಇದೇ ಮಾತು. "ಸಾರ್, ದುಡ್ಡೇ ಕೈಗೆ ಬಂದಿಲ್ಲ, ಟ್ಯಾಕ್ಸ್ ಯಾಕೆ?" ಎಫ್‌ಡಿಗೆ ಬ್ಯಾಂಕಿನವರು ಕೊಟ್ಟ ಕಾಗದದಲ್ಲಿ 'ಅಕ್ರೂಡ್ ಇಂಟರೆಸ್ಟ್' ಅಂತ ಇರುತ್ತದೆ. ಕೆಲವರು ಅದನ್ನು ಬಂದ ಬಡ್ಡಿ ಅಂದುಕೊಳ್ಳುತ್ತಾರೆ, ಕೆಲವರು ಕೂಡಿಟ್ಟ ಬಡ್ಡಿ ಅಂತಾರೆ. ಎರಡೂ ಅಲ್ಲ.

ನಮ್ಮ ಅಜ್ಜಿಯರ ಬಾಯಲ್ಲೇ ಸರಿಯಾದ ಮಾತಿತ್ತು: ಬಡ್ಡಿ ಹುಟ್ಟುತ್ತದೆ. ಅಕ್ರೂ ಅಂದರೆ ಅದೇ. ಬೆಳೆಯುವುದು ಎನ್ನುವ ಅರ್ಥದ ಲ್ಯಾಟಿನ್ ಮಾತು ಅದರ ಬೇರು. ನಾವು ಕೂಡಿಟ್ಟರೆ ಅದು ಅಕ್ಯುಮ್ಯುಲೇಟ್. ಅಕ್ರೂ ಆಗುವುದು ತಾನಾಗಿ, ದಿನ ಕಳೆದ ಹಾಗೆ, ಮತ್ತು ಹುಟ್ಟಿದಷ್ಟೂ ನಿಮಗೆ ಸಲ್ಲಬೇಕಾದ್ದು.

ಬಸವನಗುಡಿಯಲ್ಲಿ ಆಟೋ ಹತ್ತಿ ಮಲ್ಲೇಶ್ವರಕ್ಕೆ ಹೊರಟಿದ್ದೀರಿ ಅನ್ನಿ. ಮೆಜೆಸ್ಟಿಕ್ ಹತ್ತಿರ ಸಿಗ್ನಲ್ ಬಿತ್ತು. ಮೀಟರ್ ನೋಡಿ. ಅಲ್ಲಿ ಕಾಣುವಷ್ಟು ದುಡ್ಡು ಆಗಲೇ ಡ್ರೈವರಿಗೆ ಸೇರಬೇಕಾದ್ದು, ಅಲ್ವಾ? ನೀವು ಕೊಡುವುದು ಇಳಿದ ಮೇಲೆ. ಹಣಕಾಸು ವರ್ಷ ಮುಗಿಯುವ ಮಾರ್ಚ್ 31 ಅಂದರೆ ಆ ಸಿಗ್ನಲ್ ಇದ್ದ ಹಾಗೆ, ಗಾಡಿ ಇನ್ನೂ ದಾರಿಯಲ್ಲಿದ್ದರೂ ಮೀಟರ್ ಓದಿ ಆ ವರ್ಷ ಹುಟ್ಟಿದ ಬಡ್ಡಿಯನ್ನು ಬರೆದುಕೊಳ್ಳುತ್ತಾರೆ.

ಒಬ್ಬರು ರಿಟೈರ್ಡ್ ಟೀಚರಮ್ಮ ಸ್ಟೀಲ್ ಡಬ್ಬಿಯಲ್ಲಿ ಎಫ್‌ಡಿ ರಸೀದಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. 10 ಲಕ್ಷ, 5 ವರ್ಷ, 7%, ಕ್ಯುಮ್ಯುಲೇಟಿವ್, ಅಂದರೆ ಬಡ್ಡಿಯೆಲ್ಲ ಕೊನೆಗೆ ಅಸಲಿನ ಜೊತೆಗೇ ಕೈಗೆ ಬರುವುದು. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವ ಲೆಕ್ಕದಲ್ಲಿ ಮೊದಲ ವರ್ಷ ಸುಮಾರು 71,859 ರೂಪಾಯಿ ಹುಟ್ಟುತ್ತದೆ, ಐದು ವರ್ಷಕ್ಕೆ 4,14,778 ಆಗುತ್ತದೆ. ಬ್ಯಾಂಕು ವರ್ಷ ವರ್ಷವೂ ಟಿಡಿಎಸ್, ಅಂದರೆ ಬಡ್ಡಿಯಲ್ಲೇ ಮುರಿದುಕೊಳ್ಳುವ ತೆರಿಗೆ, ಹಿಡಿದಿತ್ತು. ಇವರು ರಿಟರ್ನ್‌ನಲ್ಲಿ ಒಂದು ಪೈಸೆಯೂ ತೋರಿಸಿರಲಿಲ್ಲ. "ಹಣ ಬಂದಾಗ ಹೇಳೋಣ ಅಂತಿದ್ದೆ ಕಣಪ್ಪಾ" ಅಂದರು. ಅಷ್ಟು ಬಡ್ಡಿ ಒಂದೇ ವರ್ಷದ ತಲೆಗೆ ಬಿದ್ದರೆ ಹೆಚ್ಚು ತೆರಿಗೆಯ ಸ್ಲ್ಯಾಬಿಗೆ ಏರಬಹುದು, ಹಳೇ ಟಿಡಿಎಸ್ ಹೊಂದಿಸುವುದೂ ಕಷ್ಟ. ಮೋಸದ ಯೋಚನೆಯೇ ಇಲ್ಲದ ಜೀವ ಅದು, ಒಂದು ಪದದಿಂದ ಇಷ್ಟು ಪಾಡು ಪಟ್ಟಿತು. ಅದಕ್ಕೇ ನನಗೆ ಹೊಟ್ಟೆ ಉರಿಯುತ್ತದೆ.

ಕೈಗೆ ಬಂದಾಗಲೇ ತೋರಿಸುತ್ತೇನೆ ಅನ್ನುವ ಪದ್ಧತಿಗೂ ಕಾನೂನಿನಲ್ಲಿ ಜಾಗ ಇದೆ. ಆದರೆ ವರ್ಷಕ್ಕೊಂದು ಪದ್ಧತಿ ಹಿಡಿಯುವಂತಿಲ್ಲ, ಬ್ಯಾಂಕಿನ ಲೆಕ್ಕಕ್ಕೂ ನಿಮ್ಮದಕ್ಕೂ ತಾಳೆಯಾಗದೆ ನೋಟಿಸ್ ಬರಬಹುದು. ಸಾಮಾನ್ಯವಾಗಿ ಹುಟ್ಟಿದ ವರ್ಷವೇ ತೋರಿಸುವುದು ಸಲೀಸು, ಆದರೂ ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಕೇಳಿ. ಹೋಗುವಾಗ ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತೆಗೆದುಕೊಂಡು ಹೋಗಿ. ಸುಮ್ನೆ ಪಾಸ್‌ಬುಕ್ ಹಿಡಿದು ಬರಬೇಡಿ, ಈ ಬಡ್ಡಿ ಅದರಲ್ಲಿ ಕಾಣುವುದಿಲ್ಲ.